ಪಂಪಾಕ್ಷೇತ್ರದ ಸ್ತ್ರೀಜೀವನ

ಪಂಪಾಕ್ಷೇತ್ರವೆಂದೊಡನೆ ಶಿವಭಕ್ತರ ಮನಸ್ಸಿನಲ್ಲಿ ಮೊದಲು ಮೂಡುವುದು ಶ್ರೀ ವಿರೂಪಾಕ್ಷನ ಗೋಪುರ, ಹೇಮಕೂಟದ ಬಂಡೆಗಳು, ತುಂಗಭದ್ರೆಯ ಮಡು. ಇತಿಹಾಸಪ್ರಿಯರ ಮನಸ್ಸಿನಲ್ಲಿ ಮೂಡುವುದು ಕರ್ಣಾಟಕ ಸಾಮ್ರಾಜ್ಯದ ವೈಭವವೂ ಅದರ ಪತನವೂ. ಅರಸರ, ಮಂತ್ರಿಗಳ, ದಂಡನಾಯಕರ, ಕವಿಗಳ ಚರಿತ್ರೆಯು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ವಿಪುಲವಾಗಿ ದೊರೆಯುವುದು. ಆದರೆ ಆ ಅರಸರ ಅರಮನೆಯ ಲೆಕ್ಕವನ್ನು ಬರೆದ ಕೈ ಯಾವುದು, ಆ ದಂಡಿಗೆ ಹಿಟ್ಟು ಬೀಸಿದ ಕೈ ಯಾವುದು, ಆ ಕೆರೆಯ ಏರಿಗೆ ಮಣ್ಣು ಹೊತ್ತ ತಲೆ ಯಾವುದು ಎಂದು ವಿಚಾರಿಸಿದವರು ವಿರಳ. ಹಂಪೆ, ಹೊಸಪೇಟೆ, ಕಂಪ್ಲಿಗಳು ಒಂದೇ ನದಿಯ ನೀರನ್ನುಂಡು ಬೆಳೆದ ಊರುಗಳು. ಸಂಡೂರು ಇವುಗಳ ದಕ್ಷಿಣಕ್ಕಿರುವ ಬೆಟ್ಟಸಾಲಿನ ಮಡಿಲಿನಲ್ಲಿರುವುದು. ಈ ನಾಲ್ಕು ಸ್ಥಳಗಳ ಸ್ತ್ರೀಜೀವನವು ಕಾಲಕಾಲಕ್ಕೆ ಪಡೆದ ಮಾರ್ಪಾಡುಗಳನ್ನು ಕ್ರಮವಾಗಿ ನೋಡಿದಲ್ಲಿ ಒಂದು ಸಂಗತಿಯು ಸ್ಪಷ್ಟವಾಗುವುದು. ಕನ್ನಡದ ಆಡುಮಾತಿನಲ್ಲಿ “ಲೆಕ್ಕಕ್ಕಿಲ್ಲ” ಎಂಬುದೊಂದು ನುಡಿಯುಂಟು. ಈ ಸೀಮೆಯ ಹೆಂಗಸು ದುಡಿಯದ ಕಾಲವೆಂಬುದು ಎಂದೂ ಇರಲಿಲ್ಲ. ಆಕೆಯ ದುಡಿಮೆಯು ಲೆಕ್ಕಕ್ಕೆ ಬಂದ ಕಾಲ, ಬಾರದ ಕಾಲ ಎಂಬ ಭೇದವು ಮಾತ್ರ ಉಂಟು.

ಈ ಕ್ಷೇತ್ರದ ಹೆಸರೇ ಸ್ತ್ರೀಯ ಹೆಸರು. ತುಂಗಭದ್ರೆಗೆ ಪಂಪಾ ಎಂಬುದು ಪ್ರಾಚೀನ ನಾಮವು; ಆ ನದಿಯ ತಡಿಯಲ್ಲಿ ತಪಸ್ಸನ್ನಾಚರಿಸಿ ಶಿವನನ್ನು ವರಿಸಿದ ದೇವಿಯೂ ಪಂಪೆಯೇ. ಪಕಾರವು ಹಕಾರವಾಗುವ ಕನ್ನಡದ ನಿಯಮದಂತೆ ಪಂಪೆಯು ಹಂಪೆಯಾಯಿತು. ವಿರೂಪಾಕ್ಷನಿಗೆ ಈ ಸೀಮೆಯ ಜನರು ಪ್ರೀತಿಯಿಂದ ಇಟ್ಟ ಹೆಸರು ಪಂಪಾಪತಿ. ಲೋಕದಲ್ಲಿ ಸತಿಯು ಪತಿಯ ಹೆಸರಿನಿಂದ ಗುರುತಿಸಲ್ಪಡುವುದು ರೂಢಿ. ಇಲ್ಲಿ ಪತಿಯೇ ಸತಿಯ ಹೆಸರಿನಿಂದ ಗುರುತಿಸಲ್ಪಟ್ಟನು. ಫಲಪೂಜೆಯ ಉತ್ಸವದಲ್ಲಿ ನಡೆಯುವ ನಿಶ್ಚಿತಾರ್ಥವೂ ಚೈತ್ರದಲ್ಲಿ ನಡೆಯುವ ಕಲ್ಯಾಣೋತ್ಸವವೂ ಆ ಪ್ರಾಚೀನ ಭಾವನೆಯನ್ನು ಇಂದಿಗೂ ಉಳಿಸಿಕೊಂಡು ಬಂದಿರುವುವು. ನದಿಯ ಆಚೆಯ ದಡದಲ್ಲಿ, ಆನೆಗೊಂದಿಯ ಕಡೆಯ ಪಂಪಾಸರೋವರದ ಬಳಿ, ಶ್ರೀರಾಮನಿಗೆ ಫಲಗಳನ್ನು ಅರ್ಪಿಸಿದ ಶಬರಿಯ ಆಶ್ರಮವನ್ನು ಜನರು ತೋರಿಸುವರು. ಆದರೆ ಇದೇ ಸೀಮೆಯ ಸಂಡೂರಿನ ಬೆಟ್ಟದಲ್ಲಿ ಇನ್ನೊಂದು ಬಗೆಯ ಐತಿಹ್ಯವೂ ಉಂಟು. ಅಲ್ಲಿಯ ಕುಮಾರಸ್ವಾಮಿಯು ತಾಯಿಯ ಮೇಲೆ ಮುನಿದು, ತಾನು ಕುಡಿದ ಸ್ತನ್ಯವನ್ನೇ ಕಾರಿ, ಸ್ತ್ರೀಮುಖವನ್ನು ನೋಡೆನೆಂದು ನಿಂತನೆಂಬುದು ಆ ಕಥೆ. ಆ ಗುಡಿಗೆ ಸ್ತ್ರೀಯರು ಪ್ರವೇಶಿಸಬಾರದೆಂಬ ಸಂಪ್ರದಾಯವು ಬಹುಕಾಲದಿಂದ ನಡೆದುಬಂದಿತು. ಆದರೂ ಆ ಮುನಿದ ಮಗನ ಗುಡಿಯ ಪಕ್ಕದಲ್ಲಿಯೇ, ಅದಕ್ಕಿಂತಲೂ ಹಳೆಯದಾದ ಪಾರ್ವತಿಯ ಗುಡಿಯು ನಿಂತಿರುವುದು! ಸ್ತ್ರೀಯನ್ನು ಕ್ಷೇತ್ರದ ಒಡತಿಯಾಗಿ ಕಂಡ ಮನಸ್ಸು, ಬಾಗಿಲ ಹೊರಗೆ ನಿಲ್ಲಿಸಿದ ಮನಸ್ಸು — ಈ ಎರಡೂ ಒಂದೇ ಸೀಮೆಯಲ್ಲಿ, ಒಂದು ದಿನದ ಹಾದಿಯ ಅಂತರದಲ್ಲಿ, ಬಹುಕಾಲ ಒಟ್ಟಿಗೇ ಬಾಳಿದುವು. ಮುಂದಿನ ಇತಿಹಾಸವೆಲ್ಲವೂ ಈ ಎರಡು ಮನಸ್ಸುಗಳ ಜಗ್ಗಾಟವೇ ಆಗಿರುವುದು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಜಗ್ಗಾಟಕ್ಕೆ ತಮ್ಮದಾದ ಪರಿಹಾರವನ್ನು ಹೇಳಿದರು. ಪುರುಷನ ಕೊರಳಿಗೆ ಯಾವ ಇಷ್ಟಲಿಂಗವೋ ಸ್ತ್ರೀಯ ಕೊರಳಿಗೂ ಅದೇ ಇಷ್ಟಲಿಂಗವು, ಲಿಂಗವಿದ್ದಲ್ಲಿ ಸೂತಕವಿಲ್ಲ, ಆತ್ಮಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಈ ತತ್ತ್ವದ ಫಲವಾಗಿ ಮೂವತ್ತಕ್ಕೂ ಮೇಲ್ಪಟ್ಟ ಶರಣೆಯರು ವಚನಗಳನ್ನು ರಚಿಸಿದರು. ಅವರು ಅರಮನೆಯ ಸೂಕ್ಷ್ಮವಿದ್ಯೆಯನ್ನು ಕಲಿತು ಬಂದವರಲ್ಲ. ಕದಿರೆ ರೆಮ್ಮವ್ವೆಯು ನೂಲು ತೆಗೆದವಳು. ಆಯ್ದಕ್ಕಿ ಲಕ್ಕಮ್ಮನು ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವಳು. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದು ಕಾಯಕದ ಲೆಕ್ಕಕ್ಕೆ ಸಲ್ಲದೆಂದು ತಿರುಗಿ ಕಳುಹಿಸಿದ ಲಕ್ಕಮ್ಮನ ಕಥೆಯನ್ನರಿಯದ ಭಕ್ತರಿಲ್ಲ. ಲೆಕ್ಕವೆಂಬುದು ಆ ತಾಯಿಗೆ ಧರ್ಮವೇ ಆಗಿದ್ದಿತು. ಸೂಳೆ ಸಂಕವ್ವೆಯೆಂಬ ಹೆಸರಿನಾಕೆಯೂ ಈ ವಚನಕಾರ್ತಿಯರ ಪಂಕ್ತಿಯಲ್ಲಿ ಕುಳಿತಿರುವಳು. ಸಮಾಜವು ಯಾರನ್ನು ಹೊರಗಿಟ್ಟಿದ್ದಿತೋ ಅವಳ ಮಾತನ್ನೂ ಮಾತೆಂದು ಎಣಿಸಿದ ಕಾಲವದು.

ಈ ಶರಣೆಯರ ಸ್ಮೃತಿಯು ಅಳಿಯದೆ ಉಳಿಯುವುದಕ್ಕೆ ಹಂಪೆಯೇ ಮುಖ್ಯ ಕಾರಣವಾಯಿತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹೊಯ್ಸಳರ ರಾಜಧಾನಿಯಲ್ಲಿ ಕರಣಿಕನಾಗಿದ್ದು, ಅರಸನ ಲೆಕ್ಕವನ್ನು ಬಿಟ್ಟು ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಪರಂಪರೆಯು ಹೇಳುವ ಹರಿಹರ ಕವಿಯು ಮಹಾದೇವಿಯಕ್ಕನ ರಗಳೆಯನ್ನು ರಚಿಸಿ, ಅಕ್ಕನ ಜೀವನವನ್ನು ಕಾವ್ಯವಾಗಿ ಮೊದಲು ಲೋಕಕ್ಕೆ ಕೊಟ್ಟನು. ಮುಂದೆ ಪ್ರೌಢದೇವರಾಯನ ಕಾಲದಲ್ಲಿ ವಿಜಯನಗರದಲ್ಲಿ ಸೇರಿದ ವಿರಕ್ತರು ವಚನಗಳನ್ನು ಹುಡುಕಿಸಿ, ಕಟ್ಟಿಸಿ, ವ್ಯಾಖ್ಯಾನಿಸಿದರು. ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದುದು ಆ ಆಸ್ಥಾನದಲ್ಲಿಯೇ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಪಾದಿಸಿದ ಶೂನ್ಯಸಂಪಾದನೆಯಲ್ಲಿ ಮುಕ್ತಾಯಕ್ಕನೂ ಮಹಾದೇವಿಯಕ್ಕನೂ ಅಲ್ಲಮಪ್ರಭುವಿನ ಎದುರಿಗೆ ಕುಳಿತು ಸರಿಸಮನಾಗಿ ವಾದಿಸುವರು.

ಇನ್ನು ಕಂಪ್ಲಿಯ ವಿಷಯ. ಚಾಲುಕ್ಯರ ಕಾಲದಿಂದಲೇ ನೆಲೆವೀಡೆನಿಸಿದ್ದ ಈ ಊರು ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಂಪಿಲರಾಯನ ರಾಜ್ಯಕ್ಕೆ ಹೆಸರನ್ನು ಕೊಟ್ಟಿತು. ಆತನ ಮಗನಾದ ಕುಮಾರರಾಮನನ್ನು ಜನಪದವು ಪರನಾರೀಸಹೋದರನೆಂದು ಕೊಂಡಾಡಿತು. ನಂಜುಂಡ ಕವಿಯು ಆತನ ಕಥೆಯನ್ನು ಸಾಂಗತ್ಯವಾಗಿ ಹಾಡಿದನು. ೧೩೨೭ರಲ್ಲಿ ದೆಹಲಿಯ ಸೈನ್ಯವು ಮುತ್ತಿ, ಕೋಟೆಯು ಉಳಿಯದೆಂದು ಖಚಿತವಾದಾಗ ನಡೆದುದನ್ನು ಇಬ್ನ ಬತೂತನೆಂಬ ಪ್ರವಾಸಿಯು ಬರೆದಿಟ್ಟಿರುವನು. ಆತನು ಸೆರೆಯಾಳಾಗಿ ದೆಹಲಿಗೆ ಹೋದ ಕಂಪಿಲರಾಯನ ಮಕ್ಕಳನ್ನು ಕಣ್ಣಾರೆ ಕಂಡವನು. ರಾಯನು ದೊಡ್ಡ ಬೆಂಕಿಯನ್ನು ಹೊತ್ತಿಸಿದನು. ಅಂತಃಪುರದ ಸ್ತ್ರೀಯರು ಸ್ನಾನಮಾಡಿ, ಗಂಧವನ್ನು ಲೇಪಿಸಿಕೊಂಡು, ರಾಯನ ಮುಂದೆ ನೆಲಕ್ಕೆ ಮಣಿದು, ಒಬ್ಬೊಬ್ಬರಾಗಿ ಆ ಬೆಂಕಿಯನ್ನು ಹೊಕ್ಕರು. ಆಮೇಲೆ ರಾಯನು ರಣಕ್ಕೆ ನಡೆದನು. ಆ ಕಾಲದ ನೀತಿಯಲ್ಲಿ ಇದು ಮಾನರಕ್ಷಣೆಯೆನಿಸಿತು. ಆದರೆ ಕಥೆಯಲ್ಲಿ ರಾಮನ ಹೆಸರು ಉಳಿಯಿತು, ಕಂಪಿಲನ ಹೆಸರು ಉಳಿಯಿತು; ಬೆಂಕಿಗೆ ಬಿದ್ದವರ ಹೆಸರನ್ನು ಆ ಪ್ರವಾಸಿಯು ಬರೆಯಲಿಲ್ಲ. ಗೆಲವಿನಲ್ಲಿ ಪಾಲಿಲ್ಲದವರು ಸೋಲಿನ ಬೆಲೆಯನ್ನು ಮಾತ್ರ ಪೂರ್ತಿಯಾಗಿ ತೆತ್ತರು.

ವಿಜಯನಗರವು ೧೩೩೬ರಲ್ಲಿ ಸ್ಥಾಪಿತವಾಯಿತೆಂದು ಪರಂಪರೆಯು ಹೇಳುವುದು. ಆ ರಾಜ್ಯದ ಮೊದಲ ತಲೆಮಾರುಗಳಲ್ಲಿಯೇ ಸ್ತ್ರೀಯೊಬ್ಬಳು ಇತಿಹಾಸವನ್ನು ಬರೆದಳು. ಬುಕ್ಕರಾಯನ ಮಗನಾದ ಕಂಪಣನ ಮಡದಿ ಗಂಗಾದೇವಿಯು ತನ್ನ ಪತಿಯ ಮಧುರಾವಿಜಯವನ್ನು ಸಂಸ್ಕೃತ ಕಾವ್ಯವಾಗಿ ರಚಿಸಿದಳು. ಆ ಗ್ರಂಥವು ಐದು ಶತಮಾನಗಳಿಗೂ ಹೆಚ್ಚು ಕಾಲ ಮರೆಯಲ್ಲಿದ್ದು, ೧೯೧೬ರಲ್ಲಿ ತಿರುವನಂತಪುರದಲ್ಲಿ ಓಲೆಗರಿಯ ರೂಪದಲ್ಲಿ ದೊರೆಯಿತು. ಅಚ್ಯುತರಾಯನ ಆಸ್ಥಾನದಲ್ಲಿದ್ದ ತಿರುಮಲಾಂಬೆಯು ವರದಾಂಬಿಕಾ ಪರಿಣಯವೆಂಬ ಚಂಪೂಕಾವ್ಯವನ್ನು ಬರೆದಳು. ಅದರ ಒಂದು ಸಮಾಸಪದವು ಜಗತ್ತಿನ ಸಾಹಿತ್ಯದಲ್ಲಿಯೇ ಅತಿದೀರ್ಘವಾದುದೆಂದು ಗಣಿತವಾಗಿರುವುದು. ಹೊಸಪೇಟೆಯ ಹುಟ್ಟಿನಲ್ಲಿಯೂ ಸ್ತ್ರೀನಾಮವೇ ಇರುವುದು. ಶ್ರೀಕೃಷ್ಣದೇವರಾಯನು ಕಟ್ಟಿಸಿದ ಈ ಹೊಸ ಪೇಟೆಗೆ ನಾಗಲಾಪುರವೆಂಬ ಹೆಸರಿದ್ದಿತು. ಅದು ಆತನ ತಾಯಿ ನಾಗಲಾಂಬಿಕೆಯ ನೆನಪಿಗೆಂದು ಈ ಸೀಮೆಯವರು ಹೇಳುವರು. ಪ್ರಿಯಪತ್ನಿಯ ಮೇಲಿನ ಪ್ರೀತಿಗೆಂದು ಪೋರ್ತುಗೀಸ ಪ್ರವಾಸಿ ಪಾಯಸನು ಬರೆದನು.

ಅರಮನೆಯ ಸ್ತ್ರೀಯರ ನಿತ್ಯಜೀವನವನ್ನು ಕುರಿತು ಅತ್ಯಂತ ಅಮೂಲ್ಯವಾದ ಸಾಕ್ಷ್ಯವು ನೂನಿಜನೆಂಬ ಇನ್ನೊಬ್ಬ ಪೋರ್ತುಗೀಸನದು. ಕುದುರೆಯ ವ್ಯಾಪಾರಕ್ಕೆ ಬಂದ ಈತನು ೧೫೩೫ರ ಸುಮಾರಿಗೆ ಬರೆದ ಬರಹದಲ್ಲಿ, ಅರಸನ ಸೇವೆಯಲ್ಲಿದ್ದ ಸ್ತ್ರೀಯರ ವಿವಿಧ ಉದ್ಯೋಗಗಳನ್ನು ಎಣಿಸಿರುವನು. ಮಲ್ಲಯುದ್ಧ ಮಾಡುವವರು, ಜೋಯಿಸ ಹೇಳುವವರು, ಪಲ್ಲಕ್ಕಿ ಹೊರುವವರು, ಅಡಿಗೆಯವರು, ವಾದ್ಯ ನುಡಿಸುವವರು, ನ್ಯಾಯ ಹೇಳುವವರು, ರಾತ್ರಿಯಲ್ಲಿ ಅರಮನೆಯನ್ನು ಕಾಯುವವರು — ಇವರೆಲ್ಲರೂ ಹೆಂಗಸರೇ. ಇವೆಲ್ಲಕ್ಕಿಂತಲೂ ಗಮನಾರ್ಹವಾದುದು ಇನ್ನೊಂದು ವರ್ಗ. ಅರಮನೆಯ ಬಾಗಿಲ ಒಳಗೆ ಆಗುವ ವೆಚ್ಚದ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರು. ರಾಜ್ಯದಲ್ಲಿ ನಡೆಯುವ ಸಂಗತಿಗಳನ್ನು ಪುಸ್ತಕದಲ್ಲಿ ದಾಖಲಿಸಿ, ಹೊರಗಿನ ಬರಹಗಾರರ ಪುಸ್ತಕದೊಡನೆ ಹೋಲಿಸಿ ನೋಡುವುದೂ ಹೆಂಗಸರ ಕಾರ್ಯವೇ ಆಗಿದ್ದಿತು. ಎಂದರೆ ಗಂಡಸರು ಬರೆದ ಲೆಕ್ಕದ ತಪ್ಪುಒಪ್ಪುಗಳು ಹೆಂಗಸರ ಪುಸ್ತಕದಿಂದ ತಿಳಿಯುತ್ತಿದ್ದುವು. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಣಿಯುವ ಹೆಣ್ಣುಗಳ ಸಾಲನ್ನು ಪ್ರತಿಯೊಬ್ಬ ಯಾತ್ರಿಕನೂ ನೋಡಿ ಮೆಚ್ಚುವನು. ಲೆಕ್ಕ ಬರೆದ ಹೆಣ್ಣುಗಳ ಕಡತವಾದರೋ ಒಂದೂ ಉಳಿಯಲಿಲ್ಲ. ಕಲ್ಲು ಉಳಿಯಿತು, ಕಡತವು ಅಳಿಯಿತು. ಆದುದರಿಂದ ಆ ಕಾಲದ ಸ್ತ್ರೀಯೆಂದರೆ ನರ್ತಕಿಯೆಂಬ ಅರ್ಧಸತ್ಯವು ಮಾತ್ರ ಜನಮನದಲ್ಲಿ ನಿಂತಿತು.

ಇಂತಹ ಅರ್ಧಸತ್ಯಗಳಿಗೆ ಹಂಪೆಯ ಕಟ್ಟಡಗಳ ಹೆಸರುಗಳೂ ಕಾರಣವಾಗಿರುವುವು. ಎತ್ತರವಾದ ಗೋಡೆಯ ಒಳಗಿನ ಆವರಣವನ್ನು ರಾಣೀವಾಸವೆಂದೂ, ಅದರೊಳಗಿನ ಕಮಲಮಹಲನ್ನು ರಾಣಿಯರ ವಿಹಾರಮಂದಿರವೆಂದೂ ತೋರಿಸುವುದು ವಾಡಿಕೆ. ಇವು ಪಟ್ಟಣವು ಹಾಳಾದ ಬಹುಕಾಲದ ಮೇಲೆ ಊಹೆಯಿಂದ ಬಂದ ಹೆಸರುಗಳು; ಆ ಮಹಲು ಅರಸನ ಅಥವಾ ದಂಡನಾಯಕರ ಮಂತ್ರಾಲೋಚನೆಯ ಸ್ಥಳವಾಗಿದ್ದಿರಬೇಕೆಂದು ಆಧುನಿಕ ಸಂಶೋಧಕರು ಅಭಿಪ್ರಾಯಪಡುವರು. ಚೆಲುವಾದುದೆಲ್ಲವೂ ರಾಣಿಯದು, ಕಾರ್ಯದ್ದೆಲ್ಲವೂ ರಾಜನದು ಎಂಬ ಭಾವನೆಯು ನೋಡುವವರ ಕಣ್ಣಿನಲ್ಲಿದ್ದಿತೇ ಹೊರತು ಕಲ್ಲಿನಲ್ಲಿರಲಿಲ್ಲ.

ಹಾಗೆಂದು ಆ ಕಾಲವನ್ನು ಸ್ತ್ರೀಯರ ಸುವರ್ಣಯುಗವೆಂದು ಬಣ್ಣಿಸುವುದು ಸತ್ಯಕ್ಕೆ ಅಪಚಾರವಾದೀತು. ನೂನಿಜನು ಹೇಳಿದ ಉದ್ಯೋಗಗಳೆಲ್ಲವೂ ಅರಮನೆಯ ಗೋಡೆಯ ಒಳಗಿನವು. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಹನ್ನೆರಡು ಸಾವಿರ ಕಾವಲುಗಾರರ ಸಂಬಳವು ವೇಶ್ಯಾವಾಟಿಕೆಯ ತೆರಿಗೆಯಿಂದ ಸಲ್ಲುತ್ತಿದ್ದಿತೆಂದು ಬರೆದಿರುವನು. ದೇವಾಲಯದ ನರ್ತಕಿಯರು ಸಂಪನ್ನರಾಗಿದ್ದರು, ರಾಣಿಯರೊಡನೆ ಕುಳಿತು ತಾಂಬೂಲ ಮೆಲ್ಲುವ ಮರ್ಯಾದೆಯುಳ್ಳವರಾಗಿದ್ದರು ಎಂಬುದು ಪಾಯಸನ ಹೇಳಿಕೆ. ಆದರೆ ಆ ಮರ್ಯಾದೆಯೂ ಪುರಭದ್ರತೆಯ ವೆಚ್ಚವೂ ಹೆಣ್ಣಿನ ದೇಹದ ಮೇಲೆಯೇ ನಿಂತಿದ್ದುವು. ಈ ಸೀಮೆಯ ಊರೂರುಗಳಲ್ಲಿ ನಿಂತಿರುವ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ತೋಳೊಂದು ಎತ್ತಿ ನಿಂತಿರುವುದು. ಪತಿಯ ಚಿತೆಯನ್ನೇರಿದವಳ ಗುರುತು ಅದು. ಮದುವೆಯು ವ್ಯಾಪಾರವಾಗಿದ್ದಿತೆಂಬುದಕ್ಕೂ ಸಾಕ್ಷ್ಯವುಂಟು. ಪ್ರೌಢದೇವರಾಯನ ಆಳಿಕೆಯಲ್ಲಿ, ೧೪೨೫ರಲ್ಲಿ, ತಮಿಳುನಾಡಿನ ಪಡೈವೀಡು ರಾಜ್ಯದ ಬ್ರಾಹ್ಮಣರು, ಅವರಲ್ಲಿ ಕನ್ನಡಿಗರೂ ಸೇರಿ, ಇನ್ನು ಮೇಲೆ ಹೊನ್ನನ್ನು ಕೊಟ್ಟು ತೆಗೆದುಕೊಳ್ಳದೆ ಕನ್ಯಾದಾನವಾಗಿಯೇ ವಿವಾಹಗಳನ್ನು ನಡೆಸತಕ್ಕದ್ದೆಂದು ಒಡಂಬಟ್ಟು ಶಾಸನವನ್ನು ಬರೆಸಿದರು. ತಪ್ಪು ನಡೆಯದಿದ್ದಲ್ಲಿ ತಿದ್ದುಪಡಿಯ ಶಾಸನವೇಕೆ? ಹೆಣ್ಣಿನ ಹೆಸರಿನಲ್ಲಿ ಹೊನ್ನಿನ ಎಣಿಕೆ ನಡೆದಿದ್ದಿತು. ಹೆಣ್ಣಿನ ಎಣಿಕೆಯಾದರೋ ಆಗಿರಲಿಲ್ಲ.

೧೫೬೫ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗವು ಮುಗಿದು, ಮಹಾನಗರವು ಸುಲಿಗೆಗೆ ಸಿಕ್ಕಿ ಹಾಳಾಯಿತು. ಅರಮನೆಯೊಡನೆ ಅರಮನೆಯ ಲೇಖನಿಯೂ ಅಳಿಯಿತು. ಉಳಿದುದು ಹೊಲ, ಕಾಲುವೆ, ಕೆರೆ, ಬೀಸುವ ಕಲ್ಲು. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಮಾತ್ರ ರಾಜ್ಯವಳಿದರೂ ಹರಿಯುವುದನ್ನು ಬಿಡಲಿಲ್ಲ; ಹೊಸಪೇಟೆ ಕಂಪ್ಲಿಗಳ ಗದ್ದೆಗಳಲ್ಲಿ ನೆಲ್ಲನ್ನು ನಾಟಿ ಮಾಡಿದವರೂ, ಕಳೆ ಕಿತ್ತವರೂ, ಕಬ್ಬಿನ ಗಾಣದ ಬಳಿ ಸಿಪ್ಪೆ ಒಣಗಿಸಿದವರೂ ಹೆಂಗಸರೇ. ಮುಂದಿನ ಮೂರು ಶತಮಾನಗಳ ಸ್ತ್ರೀಜೀವನವನ್ನು ತಿಳಿಯಲು ಶಾಸನಗಳೂ ಪ್ರವಾಸಿಗಳ ಬರಹಗಳೂ ವಿರಳ. ಇರುವುದು ಹಾಡುಗಳು. ಬೆಳಗಿನ ಜಾವದಲ್ಲಿ ಎದ್ದು, ಎದುರುಬದುರಾಗಿ ಕುಳಿತು, ಜೋಳವನ್ನು ಬೀಸುತ್ತ ಹೆಂಗಸರು ಹಾಡಿದ ಬೀಸುವ ಪದಗಳೇ ಅವರ ಕಡತ. ತವರಿನ ನೆನಪು, ಅಣ್ಣನ ದಾರಿ ನೋಡುವುದು, ಅತ್ತೆಯ ಕಾಟ, ಬಂಜೆತನದ ಅಳಲು, ಬಸವಣ್ಣನಿಗೂ ಹಂಪೆಯ ಒಡೆಯನಿಗೂ ಮೊರೆ — ಕಾಗದದಲ್ಲಿ ಬರೆಯಲಾಗದ ಲೆಕ್ಕವನ್ನೆಲ್ಲ ಅವರು ಕಲ್ಲಿನ ಸುತ್ತಿಗೆ ಕೂಡಿಸಿ ಹಾಡಿದರು. ಹಲಸಂಗಿಯ ಸಾಹಿತಿಗಳು ೧೯೩೧ರಲ್ಲಿ ಗರತಿಯ ಹಾಡನ್ನು ಅಚ್ಚು ಹಾಕಿಸಿದಾಗ, ಈ ಅಕ್ಷರವಿಲ್ಲದ ಕವಯಿತ್ರಿಯರ ಸಂಪತ್ತನ್ನು ಕಂಡು ಪಂಡಿತರು ಬೆರಗಾದರು. ಹಿಟ್ಟಿನ ಗಿರಣಿಗಳು ಊರೂರಿಗೆ ಬಂದ ಮೇಲೆ ಹೆಂಗಸರ ತೋಳಿಗೆ ವಿಶ್ರಾಂತಿ ದೊರೆಯಿತು, ಹಾಡಿಗೆ ಕಲ್ಲಿಲ್ಲದಂತಾಯಿತು.

೧೮೦೦ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಇಂಗ್ಲಿಷರ ವಶವಾಗಿ ಮದರಾಸು ಅಧಿಪತ್ಯಕ್ಕೆ ಸೇರಿತು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿ ಉಳಿಯಿತು. ೧೮೩೦ರಲ್ಲಿ ಮದರಾಸು ಅಧಿಪತ್ಯದಲ್ಲಿ ಸಹಗಮನವು ನಿಷಿದ್ಧವಾಯಿತು. ಆದರೆ ಬೆಂಕಿಯ ಸಾವು ನಿಂತರೂ ಹಸಿವಿನ ಸಾವು ನಿಲ್ಲಲಿಲ್ಲ. ಧಾತು ಈಶ್ವರ ಸಂವತ್ಸರಗಳ ಕ್ಷಾಮವು, ಎಂದರೆ ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು, ಬಳ್ಳಾರಿ ಜಿಲ್ಲೆಯನ್ನು ಅತ್ಯಂತ ಕ್ರೂರವಾಗಿ ಕಾಡಿತು. ಕ್ಷಾಮಪರಿಹಾರದ ಕಾಮಗಾರಿಗಳಲ್ಲಿ ಕೂಸನ್ನು ಮರದ ನೆರಳಿನಲ್ಲಿ ಮಲಗಿಸಿ ತಾಯಂದಿರು ಜಲ್ಲಿ ಒಡೆದರು, ಮಣ್ಣು ಹೊತ್ತರು. ಅಲ್ಲಿಯೂ ಹೆಣ್ಣಾಳಿನ ಕೂಲಿಯು ಗಂಡಾಳಿನದಕ್ಕಿಂತ ಕಡಮೆ! ಕ್ಷಾಮವು ಇಬ್ಬರನ್ನೂ ಸಮನಾಗಿ ಕಂಡಿತು, ಕೂಲಿಯ ಪಟ್ಟಿಯು ಕಾಣಲಿಲ್ಲ.

ಈ ಕಾಲದ ಸ್ತ್ರೀಜೀವನದ ಅತ್ಯಂತ ನೋವಿನ ಅಧ್ಯಾಯವನ್ನು ಮರೆಮಾಚದೆ ಹೇಳಬೇಕಾಗಿರುವುದು. ಈ ಸೀಮೆಯಲ್ಲಿ ಬಸವಿ ಬಿಡುವುದು, ಮುತ್ತು ಕಟ್ಟುವುದು ಎಂಬ ಪದ್ಧತಿಯಿದ್ದಿತು. ಗಂಡುಸಂತಾನವಿಲ್ಲದ ತಂದೆತಾಯಿಗಳು ಮಗಳೊಬ್ಬಳನ್ನು ದೇವರ ಹೆಸರಿನಲ್ಲಿ ಬಿಡುವರು, ಆಕೆಗೆ ಮದುವೆಯಿಲ್ಲ, ತಂದೆಯ ಮನೆಯಲ್ಲಿಯೇ ನಿಲ್ಲುವಳು, ಮಗನಂತೆ ತಂದೆಯ ಉತ್ತರಕ್ರಿಯೆಯನ್ನು ನಡೆಸುವಳು, ಮಗನಂತೆ ಹೊಲಮನೆಗಳಿಗೆ ಹಕ್ಕುದಾರಳಾಗುವಳು, ಆಕೆಗೆ ಹುಟ್ಟಿದ ಮಕ್ಕಳು ಆ ಮನೆತನದ ಹೆಸರನ್ನೇ ಹೇಳುವರು. ೧೯ನೆಯ ಶತಮಾನದ ಅಂತ್ಯಭಾಗದಲ್ಲಿ ಬಳ್ಳಾರಿ ಜಿಲ್ಲೆಯ ಈ ಪದ್ಧತಿಯನ್ನು ಫಾಸೆಟ್ಟನೆಂಬ ಆಂಗ್ಲ ಅಧಿಕಾರಿಯು ವಿವರವಾಗಿ ಬರೆದಿಟ್ಟನು. ವಿಚಾರಮಾಡಿ ನೋಡಿದರೆ ಇದರ ಬೇರು ಭಕ್ತಿಯಲ್ಲಿದ್ದುದಕ್ಕಿಂತ ಹೆಚ್ಚಾಗಿ ಆಸ್ತಿಯ ಕಟ್ಟಳೆಯಲ್ಲಿದ್ದಿತೆಂದು ತಿಳಿಯುವುದು. ಮಗಳಾಗಿ ಉಳಿದರೆ ಆಕೆಗೆ ಹೊಲವಿಲ್ಲ. ಹೊಲ ಬೇಕಾದರೆ ಆಕೆ “ಮಗ”ನಾಗಬೇಕು. ಮಗನಾಗಬೇಕಾದರೆ ಗೃಹಿಣೀಪದವನ್ನೂ ಮಾನವನ್ನೂ ತೆರಬೇಕು. ಹುಲಿಗೆಯ ಹುಲಿಗೆಮ್ಮ, ಉಚ್ಚಂಗಿಯ ಅಮ್ಮ, ಸವದತ್ತಿಯ ಎಲ್ಲಮ್ಮ — ತಾಯಂದಿರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಈ ಅನ್ಯಾಯವು ನಡೆದುಬಂದಿತು. ಅದರಲ್ಲಿಯೂ ಬಡವರಾದ, ಊರ ಹೊರಗಿನ ಕೇರಿಗಳ ಹೆಣ್ಣುಮಕ್ಕಳೇ ಇದಕ್ಕೆ ಹೆಚ್ಚಾಗಿ ಬಲಿಯಾದರು. ಬಸವಿಯೆಂಬ ಹೆಸರಿನಲ್ಲಿ ಬಸವನ ಹೆಸರು ಅಡಗಿರುವುದನ್ನು ಕಂಡಾಗ ಶರಣಮಾರ್ಗದವರ ಮನಸ್ಸು ಕುಗ್ಗದಿರದು. ಸಂಕವ್ವೆಯನ್ನು ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡ ಕಲ್ಯಾಣದ ಮಾತನ್ನು ನಿತ್ಯವೂ ಪಠಿಸಿದವರ ಊರಿನಲ್ಲಿಯೇ, ಸಂಕವ್ವೆಯಂಥವರು ಪಂಕ್ತಿಯ ಹೊರಗೆ ನಿಂತಿದ್ದರು. ಮಠಗಳ ಪಾಠಶಾಲೆಗಳಲ್ಲಿಯೂ ಬಹುಕಾಲ ಬಾಲಕರೇ ಓದಿದರು. ಅಕ್ಕನ ವಚನಗಳನ್ನು ಬಾಯಿಪಾಠ ಮಾಡಿಸುವ ಶಾಲೆಯಲ್ಲಿ ಅಕ್ಕತಂಗಿಯರಿಗೆ ಮಣೆಯಿರಲಿಲ್ಲ. ಉತ್ಸವಕಾಲದಲ್ಲಿ ಹೇಳಲು ಇದು ಹಿತವಾದ ಮಾತಲ್ಲ. ಆದರೆ ಸತ್ಯವನ್ನು ನುಡಿಯುವುದೇ ದೇವಲೋಕವೆಂದು ಕಲಿಸಿದವರ ಪರಂಪರೆಯಲ್ಲಿ ಇದನ್ನು ಬಿಟ್ಟು ಇತಿಹಾಸವನ್ನು ಬರೆಯಲಾಗದು.

ತಿದ್ದುಪಡಿಯು ಮೆಲ್ಲಮೆಲ್ಲನೆ ಬಂದಿತು. ೧೯೨೯ರ ಶಾರದಾ ಕಾನೂನು ಬಾಲ್ಯವಿವಾಹಕ್ಕೆ ತಡೆಯನ್ನು ಹಾಕಿ, ಕನ್ಯೆಯ ವಯಸ್ಸು ಹದಿನಾಲ್ಕಕ್ಕೆ ಕಡಮೆಯಿರಕೂಡದೆಂದಿತು. ೧೯೭೮ರಲ್ಲಿ ಅದು ಹದಿನೆಂಟಾಯಿತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಬಹುಕಾಲದ ಹೋರಾಟದ ಫಲವಾಗಿ, ೧೯೪೭ರಲ್ಲಿ ಮದರಾಸು ಪ್ರಾಂತದಲ್ಲಿ ದೇವದಾಸಿಯಾಗಿ ಹೆಣ್ಣನ್ನು ಅರ್ಪಿಸುವುದು ನಿಷಿದ್ಧವಾಯಿತು. ಬಳ್ಳಾರಿ ಜಿಲ್ಲೆಯು ಆಗ ಮದರಾಸಿಗೆ ಸೇರಿದ್ದುದರಿಂದ ಆ ಕಾನೂನು ಇಲ್ಲಿಗೂ ಅನ್ವಯಿಸಿತು. ಸಂಡೂರು ಸಂಸ್ಥಾನವು ೧೯೪೯ರಲ್ಲಿ ವಿಲೀನವಾಯಿತು. ೧೯೫೩ರ ಅಕ್ಟೋಬರ್ ೧ರಂದು ಈ ಸೀಮೆಯು ಮೈಸೂರಿಗೆ ಸೇರಿತು. ಕರ್ನಾಟಕ ರಾಜ್ಯವು ೧೯೮೨ರಲ್ಲಿ ದೇವದಾಸಿ ಸಮರ್ಪಣ ನಿಷೇಧದ ಕಾನೂನನ್ನು ಮಾಡಿತು. ಆದರೆ ಪದ್ಧತಿಯ ಬೇರಿಗೆ ಕೊಡಲಿಯನ್ನಿಟ್ಟುದು ಆಸ್ತಿಯ ಕಾನೂನು. ೧೯೫೬ರ ಹಿಂದೂ ಉತ್ತರಾಧಿಕಾರದ ಕಾನೂನು ಮಗಳಿಗೆ ತಂದೆಯ ಸ್ವತ್ತಿನಲ್ಲಿ ಪಾಲನ್ನು ಕೊಟ್ಟಿತು. ಕರ್ನಾಟಕವು ೧೯೯೪ರಲ್ಲಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿಯೂ ಮಗಳು ಹುಟ್ಟಿನಿಂದಲೇ ಸಮಭಾಗಿಯೆಂದು ಸಾರಿತು. ೨೦೦೫ರಲ್ಲಿ ಭಾರತದೇಶವೆಲ್ಲವೂ ಅದನ್ನೇ ಅಂಗೀಕರಿಸಿತು. ಇನ್ನು ಹೊಲಕ್ಕಾಗಿ ಮಗಳು ಮಗನಾಗಬೇಕಿಲ್ಲ. ಮಗಳಾಗಿಯೇ ಲೆಕ್ಕಕ್ಕೆ ಬಂದಳು. ಹಳೆಯ ಪದ್ಧತಿಯ ನೆರಳಿನಿಂದ ಹೊರಬಂದ ಜೋಗತಿಯರ ಹಾಡುಕುಣಿತಗಳನ್ನು ಲೋಕವು ಕಲೆಯೆಂದು ಗೌರವಿಸಿತು. ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ ಮಂಜಮ್ಮ ಜೋಗತಿಯವರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿ ಅಪಾರ ಕಷ್ಟವನ್ನುಂಡವರು, ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು.

ಹೊಸಪೇಟೆಯ ಬಳಿ ತುಂಗಭದ್ರೆಗೆ ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ನಿಂತ ಅಣೆಕಟ್ಟು ಸ್ತ್ರೀಜೀವನವನ್ನು ಎರಡು ಬಗೆಯಲ್ಲಿ ಬದಲಿಸಿತು. ಕಲ್ಲಿನಿಂದಲೂ ಸುರ್ಕಿಗಾರೆಯಿಂದಲೂ ಕಟ್ಟಿದ ಆ ಮಹಾಕಟ್ಟೆಗೆ ಗಂಡಾಳುಗಳೊಡನೆ ಹೆಣ್ಣಾಳುಗಳೂ ಬುಟ್ಟಿ ಹೊತ್ತರು. ಮೇಲಿನ ಅನೇಕ ಗ್ರಾಮಗಳು ಮುಳುಗಿ, ಹೆಂಗಸರು ತಮ್ಮ ಒಲೆಯನ್ನೂ ಒಳಕಲ್ಲನ್ನೂ ಬಿಟ್ಟು ಹೊಸ ಊರುಗಳಲ್ಲಿ ಸಂಸಾರವನ್ನು ಮೊದಲಿನಿಂದ ಹೂಡಿದರು. ಕೆಳಗಿನ ಕಂಪ್ಲಿಯ ಸೀಮೆಯಲ್ಲಿಯಾದರೋ ನೀರಾವರಿಯು ಹಬ್ಬಿ, ವರ್ಷಕ್ಕೆ ಎರಡು ಬೆಳೆಯ ನೆಲ್ಲು ಬಂದಿತು. ಆಂಧ್ರದ ಕರಾವಳಿಯಿಂದ ಬಂದ ಕೃಷಿಕರು ಕ್ಯಾಂಪುಗಳೆಂಬ ಹೊಸ ಊರುಗಳನ್ನು ಕಟ್ಟಿದರು. ನಾಟಿಯ ಹೆಂಗಸರಿಗೆ ಕೂಲಿಯು ವರ್ಷದ ಬಹುಭಾಗ ದೊರೆಯುವಂತಾಯಿತು. ಜೋಳದ ರೊಟ್ಟಿಯ ಪಕ್ಕದಲ್ಲಿ ನಿತ್ಯವೂ ಅನ್ನವು ಬಡಿಸಲ್ಪಟ್ಟಿತು.

ಸಂಡೂರಿನ ಬೆಟ್ಟಗಳಲ್ಲಿ ಇಪ್ಪತ್ತನೆಯ ಶತಮಾನದ ಆದಿಯಿಂದ ಮ್ಯಾಂಗನೀಸು, ಮುಂದೆ ಕಬ್ಬಿಣದ ಅದಿರು ಅಗೆಯಲ್ಪಟ್ಟಿತು. ಕೆಂಪು ಧೂಳಿನಲ್ಲಿ ಕುಳಿತು ಅದಿರನ್ನು ಒಡೆದು ಆರಿಸಿದವರಲ್ಲಿ ಹೆಂಗಸರು ಬಹಳ. ೨೦೧೧ರಲ್ಲಿ ಲೋಕಾಯುಕ್ತರ ವರದಿಯು ಹೊರಬಂದು, ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಅಕ್ರಮದ ಲಾಭದಲ್ಲಿ ಪಾಲಿಲ್ಲದ ಆ ಕೂಲಿಕಾರ್ತಿಯರೂ ಕೆಲಸವನ್ನು ಕಳೆದುಕೊಂಡರು. ಕಂಪ್ಲಿಯ ಹಳೆಯ ಬೆಂಕಿಯ ನೆನಪು ಇಲ್ಲಿ ಬಾರದಿರದು. ಆದರೆ ಅದೇ ಸಂಡೂರಿನಲ್ಲಿ ಇನ್ನೊಂದು ಕಥೆಯೂ ನಡೆಯಿತು. ಹಿಂದೆ ದಂಡುಗಳಿಗೆ ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಸಾಗಿಸುತ್ತಿದ್ದ ಲಂಬಾಣಿಗಳು ರೈಲು ಬಂದ ಮೇಲೆ ಆ ವೃತ್ತಿಯನ್ನು ಕಳೆದುಕೊಂಡು ತಾಂಡಾಗಳಲ್ಲಿ ನೆಲೆಸಿದರು. ಕನ್ನಡಿಯ ಚೂರುಗಳನ್ನೂ ಕವಡೆಗಳನ್ನೂ ಸೇರಿಸಿ ತಮ್ಮ ಲಂಗಕುಪ್ಪಸಗಳಿಗೆ ಹೆಂಗಸರು ಹಾಕುತ್ತಿದ್ದ ಕಸೂತಿಯನ್ನು ಯಾರೂ ಉದ್ಯೋಗವೆಂದು ಎಣಿಸಿರಲಿಲ್ಲ. ಸಂಡೂರು ಕುಶಲ ಕಲಾಕೇಂದ್ರವು ಅದಕ್ಕೆ ಬೆಲೆ ಕಟ್ಟಿ ಮಾರುಕಟ್ಟೆಯನ್ನು ಒದಗಿಸಿತು. ೨೦೧೦ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆಯು ಕೂಡಿದಾಗ, ೪೫೦ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಹೊಲಿದ ೧೭೫೫ ಕಸೂತಿಯ ತುಂಡುಗಳು ಪ್ರದರ್ಶಿತವಾಗಿ ಗಿನ್ನೆಸ್ ದಾಖಲೆಯನ್ನು ಪಡೆದುವು. ನರ್ತಕಿಯರ ಶಿಲ್ಪಗಳನ್ನು ನೋಡಲು ಜಗತ್ತು ಬರುತ್ತಿದ್ದ ಹಂಪೆಗೆ, ದುಡಿಯುವ ಹೆಂಗಸಿನ ಸೂಜಿಯ ಕೆಲಸವನ್ನು ನೋಡಲು ಜಗತ್ತು ಬಂದಿತು. ಅದನ್ನು ಒಂದೊಂದಾಗಿ ಎಣಿಸಿ ಬರೆಯಿತು.

ಲೇಖನಿಯೂ ಹಿಂದಿರುಗಿತು. ೧೯೮೭ರಲ್ಲಿ ನಡೆದ ಪಂಚಾಯತಿ ಚುನಾವಣೆಗಳಲ್ಲಿ ಕರ್ನಾಟಕವು ಸ್ತ್ರೀಯರಿಗೆ ನಾಲ್ಕನೆಯ ಒಂದು ಭಾಗದ ಸ್ಥಾನಗಳನ್ನು ಕಾದಿರಿಸಿತು. ೧೯೯೩ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಅದು ಮೂರನೆಯ ಒಂದು ಭಾಗವಾಯಿತು. ೨೦೧೦ರಲ್ಲಿ ಕರ್ನಾಟಕದಲ್ಲಿ ಅರ್ಧವಾಯಿತು. ಗ್ರಾಮದ ಆಯವ್ಯಯದ ಪುಸ್ತಕಕ್ಕೆ ಹೆಂಗಸಿನ ರುಜುವು ಬೀಳಲಾರಂಭಿಸಿತು. ೨೦೦೦ದ ಸುಮಾರಿಗೆ ಸ್ತ್ರೀಶಕ್ತಿ ಸಂಘಗಳು ಊರೂರುಗಳಲ್ಲಿ ಏರ್ಪಟ್ಟು, ವಾರಕ್ಕೊಮ್ಮೆ ಗುಡಿಯ ಕಟ್ಟೆಯ ಮೇಲೆಯೋ ಶಾಲೆಯ ಪಡಸಾಲೆಯಲ್ಲಿಯೋ ಹೆಂಗಸರು ಕೂಡಿ ಉಳಿತಾಯದ ಹಣವನ್ನು ಎಣಿಸಿ, ಪುಸ್ತಕದಲ್ಲಿ ಜಮಾಖರ್ಚು ಬರೆದರು. ಅವರಲ್ಲಿ ಹೆಬ್ಬೆಟ್ಟೊತ್ತುವ ತಾಯಿಯ ಪಕ್ಕದಲ್ಲಿ ಕುಳಿತು ಲೆಕ್ಕವನ್ನು ಓದಿ ಹೇಳುವವಳು ಶಾಲೆ ಕಲಿತ ಮಗಳು. ೧೯೯೧ರಲ್ಲಿ ಹಂಪೆಯಲ್ಲಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಹೆಣ್ಣುಮಕ್ಕಳು ಇದೇ ಶಾಸನಗಳನ್ನೂ ಇದೇ ವಚನಗಳನ್ನೂ ಸಂಶೋಧಿಸಲಾರಂಭಿಸಿದರು. ೨೦೧೭ರಲ್ಲಿ ವಿಜಯಪುರದ ರಾಜ್ಯ ಮಹಿಳಾ ವಿಶ್ವವಿದ್ಯಾಲಯವು ಅಕ್ಕಮಹಾದೇವಿಯ ಹೆಸರನ್ನು ಪಡೆಯಿತು. ೨೦೨೧ರ ಅಕ್ಟೋಬರಿನಲ್ಲಿ ಹೊಸಪೇಟೆಯೇ ವಿಜಯನಗರವೆಂಬ ಹೊಸ ಜಿಲ್ಲೆಗೆ ಕೇಂದ್ರವಾಯಿತು.

ಅರಮನೆಯಲ್ಲಿ ಲೆಕ್ಕ ಬರೆದ ಹೆಂಗಸರಿಗೂ ಊರಕಟ್ಟೆಯ ಮೇಲೆ ಲೆಕ್ಕ ಬರೆಯುವ ಹೆಂಗಸರಿಗೂ ನಡುವೆ ಸುಮಾರು ಐದು ಶತಮಾನಗಳ ಅಂತರವಿರುವುದು. ಮೊದಲಿನವರು ಅರಸನ ಸಂಪತ್ತನ್ನು ಬರೆದರು. ಅರಸನೊಡನೆ ಅವರ ಪುಸ್ತಕವೂ ಅಳಿಯಿತು. ಇಂದಿನವರು ತಮ್ಮ ಬೆವರಿನ ದುಡ್ಡನ್ನು ತಾವೇ ಬರೆಯುವರು. ಇದನ್ನು ಅಳಿಸುವುದು ಸುಲಭವಲ್ಲ. ಆದರೆ ಇದು ತಾನಾಗಿಯೇ ಉಳಿಯುವುದೆಂದು ಭ್ರಮಿಸಲಾಗದು. ಕಾಗದದ ಮೇಲೆ ಪಾಲು ದೊರೆತರೂ, ಅಣ್ಣತಮ್ಮಂದಿರ ಮನಸ್ಸು ನೋಯದಿರಲೆಂದು ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಇನ್ನೂ ಇರುವರು. ಪಂಚಾಯತಿಯ ಪೀಠದಲ್ಲಿ ಹೆಂಡತಿ ಕುಳಿತು, ಅಧಿಕಾರವನ್ನು ಗಂಡನು ನಡೆಸುವ ಊರುಗಳೂ ಇರುವುವು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಾ ತಾಯಿ ಎಂದು ಕರೆಯುವುದು ಮನೆಯವರ, ಊರವರ, ಮಠದವರ ಕಾರ್ಯವು.

ಆಯ್ದಕ್ಕಿ ಲಕ್ಕಮ್ಮನು ಹೆಚ್ಚಾದ ಅಕ್ಕಿಯನ್ನು ತಿರುಗಿ ಕಳುಹಿಸಿದಳು. ಆ ತಾಯಿಯ ತಕ್ಕಡಿಯಲ್ಲಿ ಸಮಾಜವನ್ನು ತೂಗಿದರೆ, ಸ್ತ್ರೀಯರಿಗೆ ಸಲ್ಲಬೇಕಾದ ಪಾಲಿನಲ್ಲಿ ಪುರುಷರ ಚೀಲದಲ್ಲಿ ಉಳಿದುಹೋದುದು ಎಷ್ಟೆಂಬುದು ತಿಳಿದೀತು. ಅದನ್ನು ತಿರುಗಿ ಕೊಡುವುದು ದಾನವಲ್ಲ, ಕಾಯಕದ ನಿಯಮವು. ಪಂಪೆಯ ಹೆಸರಿನಿಂದ ಪಂಪಾಪತಿಯನ್ನು ಕರೆದ ಈ ಸೀಮೆಯ ಜನರಿಗೆ ಇದು ಕಠಿನವಾದ ಪಾಠವಲ್ಲ. ಉತ್ಸವದ ದಾಸೋಹದಲ್ಲಿ ಬೆಳಗಿನ ಜಾವದಿಂದ ರೊಟ್ಟಿ ಬಡಿಯುವ ತಾಯಂದಿರ ಹೆಸರುಗಳೂ ದಾನಿಗಳ ಪಟ್ಟಿಯ ಪಕ್ಕದಲ್ಲಿ ಬರೆಯಲ್ಪಡಲಿ. ಶರಣೆಯರ ಕಾಯಕದ ಲೆಕ್ಕವು ಶ್ರೀಗುರುವಿನ ಕರುಣೆಯಿಂದ ಎಂದಿಗೂ ಅಳಿಯದಿರಲಿ.